ಕರೆ ಬರುವವರೆಗಿನ ಖರ್ಚು

ಪಾರ್ಸಲ್ ಕಂಪನಿಯ ಡೆಲಿವರಿ ಕೆಲಸ ಕೇಳಿಕೊಂಡು ಹೋದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ರೂಟ್ ಖಾಲಿಯಾದರೆ ಕರೀತೇವೆ.’ ಆಧಾರ್, ಲೈಸೆನ್ಸ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಎಲ್ಲವನ್ನೂ ಇಟ್ಟುಕೊಳ್ಳುತ್ತಾರೆ, ದಿನಾಂಕ ಮಾತ್ರ ಹೇಳುವುದಿಲ್ಲ. 2024ರ ಮಳೆಗಾಲದುದ್ದಕ್ಕೂ ನಾನು ಅಂಕೋಲೆಯಲ್ಲಿ ಅಂಥದೊಂದು ಕರೆಗಾಗಿ ಕಾದಿದ್ದೆ. ಸಂಬಳವನ್ನು ಹೇಗೆ ಉಳಿಸಬೇಕು ಎನ್ನುವ ಬರಹಗಳು ಬೇಕಾದಷ್ಟಿವೆ. ಸಂಬಳ ಶುರುವಾಗುವ ಮೊದಲಿನ ತಿಂಗಳುಗಳನ್ನು ಹೇಗೆ ದಾಟಬೇಕು ಎಂಬುದು ಈ ಸಲದ ವಿಷಯ.

ಮೊದಲು, ಕಾಯುವುದು ಯಾಕೆ ಇಷ್ಟು ಉದ್ದವಾಗುತ್ತದೆ ಎಂದು ತಿಳಿದಿರಬೇಕು. ನಮ್ಮದು ಬೆಂಗಳೂರಲ್ಲ. ಕಾರವಾರ, ಅಂಕೋಲೆಗಳಲ್ಲಿ ರೂಟುಗಳೇ ಕಡಿಮೆ. ಇದ್ದವರೊಬ್ಬರು ಬಿಡಬೇಕು, ಇಲ್ಲವೇ ಪಾರ್ಸಲ್ ಹೆಚ್ಚಬೇಕು. ಪಾರ್ಸಲ್ ಹೆಚ್ಚುವುದು ದಸರಾ, ದೀಪಾವಳಿಯ ಹೊತ್ತಿಗೆ. ಜೂನ್‌ನಲ್ಲಿ ಹೆಸರು ಕೊಟ್ಟವರು ಸೆಪ್ಟೆಂಬರ್‌ವರೆಗಿನ ಮನೆಖರ್ಚನ್ನು ಕಣ್ಣಮುಂದೆ ಇಟ್ಟುಕೊಂಡೇ ಕೊಡಬೇಕು. ನಾನು ಕಾಯುತ್ತಿದ್ದ ವರ್ಷ ಜುಲೈ 16ರಂದು ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ವಾರಗಟ್ಟಲೆ ಬಂದಾಯಿತು. ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಶಿರೂರಿನಲ್ಲಿ ಮನೆಯವರನ್ನೇ ಕಳೆದುಕೊಂಡವರ ದುಃಖದ ಮುಂದೆ ನನ್ನ ಕಾಯುವಿಕೆ ದೊಡ್ಡ ಮಾತಲ್ಲ. ಆದರೆ ರಸ್ತೆ ನಿಂತರೆ ಪಾರ್ಸಲ್ ನಿಲ್ಲುತ್ತದೆ, ಪಾರ್ಸಲ್ ನಿಂತರೆ ಹೊಸಬರನ್ನು ಯಾರೂ ಕರೆಯುವುದಿಲ್ಲ ಎಂಬುದು ಆ ತಿಂಗಳುಗಳಲ್ಲಿ ನನಗೆ ಸ್ಪಷ್ಟವಾಯಿತು.

ಆದಾಯವಿಲ್ಲದ ತಿಂಗಳುಗಳನ್ನು ಲೆಕ್ಕ ಹಾಕುವ ವಿದ್ಯೆ ಕರಾವಳಿಗೆ ಹೊಸದಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಬೈತಖೋಲ, ಬೇಲೆಕೇರಿಗಳ ಮೀನುಗಾರರ ಮನೆಗಳು ಅದಕ್ಕೆ ಮೇ ತಿಂಗಳಲ್ಲೇ ಸಿದ್ಧವಾಗುತ್ತವೆ. ಅಕ್ಕಿ ಬರುತ್ತದೆ, ಒಣಮೀನು ಡಬ್ಬ ಸೇರುತ್ತದೆ, ಚೀಟಿಯ ಕಂತಿನ ದುಡ್ಡು ಬೇರೆ ಇಡುತ್ತಾರೆ. ನಮ್ಮ ಮನೆಯಲ್ಲೂ ಆಯಿ ಅದನ್ನೇ ಹೇಳಿದಳು: ‘ಕರೆ ಬಂದಾಗ ಬರ್ಲಿ ಮಗಾ. ಅಲ್ಲೀವರೆಗೆ ಬಂದ್ ಅಂತ್ಲೇ ಲೆಕ್ಕ ಹಾಕು.’ ಕೈಯಲ್ಲಿದ್ದ ದುಡ್ಡನ್ನು ಮನೆಯ ತಿಂಗಳ ಖರ್ಚಿನಿಂದ ಭಾಗಿಸಿ, ಎಷ್ಟು ತಿಂಗಳು ನಡೆಯುತ್ತದೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆವು. ಆ ಗುರುತು ಇನ್ನಷ್ಟು ಮುಂದೆ ಹೋಗಲೆಂದು ಗೂಡ್ಸ್ ರಿಕ್ಷಾವೊಂದಕ್ಕೆ ಬದಲಿ ಚಾಲಕನಾಗಿ ಸಿಕ್ಕ ದಿನ ದುಡಿದೆ.

ಎರಡನೆಯ ಮಾತು, ಕಾಯುವಾಗ ಎಲ್ಲಿ ಖರ್ಚು ಮಾಡಬೇಕು ಎಂಬುದು. ಹೆಸರು ಕೊಟ್ಟ ಸುದ್ದಿ ಹರಡಿದ ಕೂಡಲೇ ಹೊಸ ಬೈಕಿಗೆ ಸಾಲ ಕೊಡುವವರು ಫೋನ್ ಮಾಡುತ್ತಾರೆ. ಕೆಲಸಕ್ಕೆ ದಿನಾಂಕವಿಲ್ಲ, ಇಎಂಐಗೆ ಮಾತ್ರ ಪ್ರತಿ ತಿಂಗಳ ದಿನಾಂಕವಿದೆ. ನಾನು ಹಳೆಯ ಬೈಕಿನಲ್ಲೇ ಉಳಿದೆ. ಒಂದು ಕಂಪನಿಗೆ ಮಾತ್ರ ಬೇಕಾದ ವಸ್ತುವಿಗೆ ದುಡ್ಡು ಹಾಕದೆ, ಯಾವ ಕೆಲಸಕ್ಕಾದರೂ ಬರುವ ಕಾಗದಪತ್ರಕ್ಕೆ ಹಾಕಿದೆ. ಬೈಕ್ ಲೈಸೆನ್ಸಿನ ಜೊತೆಗೆ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದರೆ ವ್ಯಾನ್ ಕೆಲಸಕ್ಕೂ ದಾರಿಯಾಗುತ್ತದೆ. ಕಲಿಕಾ ಲೈಸೆನ್ಸ್ (ಎಲ್‌ಎಲ್) ಸಿಕ್ಕ 30 ದಿನಗಳ ನಂತರ ಪರೀಕ್ಷೆಗೆ ಹೋಗಬಹುದು. ಎಲ್‌ಎಂವಿ ಲೈಸೆನ್ಸ್ ಇದ್ದವರು 7,500 ಕೆ.ಜಿ. ಮೀರದ ಸರಕು ಗಾಡಿಯನ್ನೂ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಹೇಳಿದೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾದಲ್ಲಿ 2 ಲಕ್ಷದ ಅಪಘಾತ ವಿಮೆಯಿದೆ. 436 ರೂಪಾಯಿಯ ಜೀವನ ಜ್ಯೋತಿಯಲ್ಲಿ 2 ಲಕ್ಷದ ಜೀವವಿಮೆಯಿದೆ. ಇ-ಶ್ರಮ್ ನೋಂದಣಿ ಉಚಿತ. ಮಳೆಯಲ್ಲಿ ಘಟ್ಟದ ರಸ್ತೆಗೆ ಇಳಿಯುವವರಿಗೆ ಇವು ಕೆಲಸ ಸಿಗುವ ಮೊದಲೇ ಕೈಯಲ್ಲಿರಬೇಕು.

ಮೂರನೆಯದು, ಕರೆ ಬಂದ ದಿನ ಕೇಳಬೇಕಾದ ಲೆಕ್ಕ. ‘ಪಾರ್ಸಲ್‌ಗೆ ಎಷ್ಟು’ ಎಂದು ಕೇಳಿ ನಿಲ್ಲಿಸಬೇಡಿ, ‘ಯಾವ ರೂಟು’ ಎಂದೂ ಕೇಳಿ. ಉದಾಹರಣೆಗೆ ಪಾರ್ಸಲ್‌ಗೆ 14 ರೂಪಾಯಿ, ದಿನಕ್ಕೆ 50 ಪಾರ್ಸಲ್ ಎಂದಿಟ್ಟುಕೊಳ್ಳಿ. ಒಟ್ಟು 700 ರೂಪಾಯಿ. ಕಾರವಾರದ ಕಾಜುಬಾಗ, ಕೋಡಿಬಾಗದಂಥ ಒತ್ತೊತ್ತಾದ ಮನೆಗಳ ರೂಟಿನಲ್ಲಿ 25 ಕಿ.ಮೀ. ಓಡಿದರೆ ಪೆಟ್ರೋಲು ಅರ್ಧ ಲೀಟರು. ಅಷ್ಟೇ ಪಾರ್ಸಲ್‌ಗೆ ಅಚವೆ, ಹಿಲ್ಲೂರಿನ ಕಡೆ 100 ಕಿ.ಮೀ. ಸುತ್ತಿದರೆ 2 ಲೀಟರು, ಅಂದರೆ 200 ರೂಪಾಯಿಗೂ ಹೆಚ್ಚು. ಟೈರು, ಆಯಿಲ್, ಬ್ರೇಕಿಗೆ ಕಿಲೋಮೀಟರಿಗೆ 1 ರೂಪಾಯಿ ಎತ್ತಿಟ್ಟರೆ ಇನ್ನೂ 100 ಹೋಯಿತು. ಒಂದು ರೂಟಿನಲ್ಲಿ 600 ದಾಟಿ ಉಳಿದರೆ ಇನ್ನೊಂದರಲ್ಲಿ 400ರ ಒಳಗೆ. ಒಳಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗದೆ ಒಟಿಪಿ ಬಾರದಿದ್ದರೆ ಪಾರ್ಸಲ್ ವಾಪಸ್ ಬರುತ್ತದೆ. ವಾಪಸ್ ತಂದದ್ದಕ್ಕೆ ದುಡ್ಡು ಕೊಡುತ್ತಾರೋ ಇಲ್ಲವೋ, ಅದನ್ನೂ ಮೊದಲೇ ಕೇಳಿ. ಸಂಬಳ ಕೊಡುವುದು ಕಂಪನಿಯೋ ನಡುವಿನ ಏಜೆನ್ಸಿಯೋ, ಪಿಎಫ್, ಇಎಸ್‌ಐ ಇದೆಯೋ, ಸ್ವಂತ ಬೈಕಿನ ವಿಮೆ ಬಾಡಿಗೆ ಕೆಲಸಕ್ಕೆ ನಡೆಯುತ್ತದೋ, ಇವೆಲ್ಲ ಸಹಿಗೆ ಮೊದಲಿನ ಪ್ರಶ್ನೆಗಳು.

ಯೂನಿಫಾರ್ಮ್, ನೋಂದಣಿ, ‘ಗ್ಯಾರಂಟಿ ಕೆಲಸ’ ಎಂದು ಮೊದಲೇ ದುಡ್ಡು ಕೇಳುವ ಫೋನು ಬಂದರೆ ಕಳುಹಿಸಬೇಡಿ. ಕಾಯುತ್ತಿರುವವರ ಅವಸರವೇ ಮೋಸಗಾರರ ಬಂಡವಾಳ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಕಾನೂನು ತಂದಿತು. ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಮೇಲೆ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಆ್ಯಪ್ ಕಂಪನಿಗಳು ಕಟ್ಟಬೇಕು. ಕೆಲಸದಿಂದ ತೆಗೆಯುವ ಮೊದಲು ಕಾರಣ ತಿಳಿಸಿ 14 ದಿನದ ನೋಟಿಸ್ ಕೊಡಬೇಕು. ಸರಕು ಸಾಗಣೆಯೂ ಅದರ ಪಟ್ಟಿಯಲ್ಲಿದೆ. ಇದು ನಿಜಕ್ಕೂ ದೊಡ್ಡ ಹೆಜ್ಜೆ. ಆದರೆ ಈ ರಕ್ಷಣೆ ಕೆಲಸಕ್ಕೆ ಸೇರಿದ ಮೇಲಿನದು. ‘ಕರೀತೇವೆ’ ಎಂಬ ಮಾತು ನಂಬಿ ಬೇರೆ ದುಡಿಮೆ ಬಿಟ್ಟು ಕುಳಿತವರ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲ. ಹೆಸರು ಬರೆದುಕೊಳ್ಳುವವರು ‘ಇಂಥ ತಿಂಗಳವರೆಗೆ ರೂಟಿಲ್ಲ’ ಎಂದು ನೇರವಾಗಿ ಹೇಳಿದರೆ ಸಾಕು, ಎಷ್ಟೋ ಮನೆಗಳಿಗೆ ಸಾಲ ತಪ್ಪುತ್ತದೆ.

ನನಗೆ ಕರೆ ಬಂದದ್ದು ಹಬ್ಬದ ಹೊತ್ತಿಗೆ. ಕ್ಯಾಲೆಂಡರಿನ ಗುರುತು ದಾಟುವ ಮೊದಲು ಬಂತು, ಸಾಲವಿಲ್ಲದೆ ಸೇರಿದೆ. ಬಾರದಿದ್ದರೆ ಗುರುತು ಹಾಕಿದ ಆ ದಿನ ಬೇರೆ ದಾರಿ ಹಿಡಿಯುವುದೆಂದು ನಾನೂ ಆಯಿಯೂ ಮಾತಾಡಿಕೊಂಡಿದ್ದೆವು. ಈಗ ಹೆಸರು ಕೊಟ್ಟು ಕಾಯುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ನನ್ನ ಮಾತು ಇಷ್ಟೇ: ಕೆಲಸ ಯಾವಾಗ ಶುರುವಾಗಬೇಕೆಂದು ಕಂಪನಿ ನಿರ್ಧರಿಸಲಿ. ಎಲ್ಲಿಯವರೆಗೆ ಕಾಯಬೇಕೆಂಬುದನ್ನು ನಿಮ್ಮ ಮನೆಯ ಲೆಕ್ಕ ನಿರ್ಧರಿಸಲಿ. ಆ ತಾರೀಕನ್ನು ಇಂದೇ ಬರೆದಿಡಿ, ಮನೆಯವರಿಗೂ ಹೇಳಿಡಿ.