ಅವಮೌದರ್ಯ: ಒಂದು ತುತ್ತಿನ ತಪ



ಆರು ಬಾಹ್ಯತಪಗಳಲ್ಲಿ ಎರಡನೆಯದು ಅವಮೌದರ್ಯ, ಅಂದರೆ ಹಸಿವೆಗಿಂತ ಕಡಿಮೆ ಉಣ್ಣುವುದು. ಗುಜರಾತಿ ಬಂಧುಗಳು ಇದನ್ನೇ ಊನೋದರಿ ಎನ್ನುವರು. ಪುರುಷನಿಗೆ 32, ಸ್ತ್ರೀಗೆ 28 ತುತ್ತು ಪೂರ್ಣಾಹಾರ. ಅದರಲ್ಲಿ ಒಂದು ತುತ್ತು ಬಿಟ್ಟರೂ ತಪವೆಂದು ಶಾಸ್ತ್ರವು ಹೇಳುತ್ತದೆ.

ಸಾಂಗಲಿ ಪೇಟೆಯಲ್ಲಿ ಅರಿಷಿಣ, ಬೆಲ್ಲ ತೂಗುತ್ತ ಆಯುಷ್ಯ ಕಳೆದ ನಾನು ನನ್ನ ಊಟವನ್ನೆಂದೂ ತೂಗಲಿಲ್ಲ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹೊಟ್ಟೆ ಬಿರಿಯುವಂತೆ ಉಣ್ಣುತ್ತಿದ್ದೆನು. ಮಿರಜದ ವೈದ್ಯರು ಮಧುಮೇಹವೆಂದರು. ಮೊಮ್ಮಗನ ವ್ಯಾಯಾಮಶಿಕ್ಷಕರು, ಹೊತ್ತು ಮುಳುಗುವ ಮುನ್ನ ಮಿತವಾಗಿ ಉಣ್ಣಿರಿ, ದಿನವೂ ನಡೆಯಿರಿ ಎಂದಾಗ ನನಗೆ ನಾಚಿಕೆಯಾಯಿತು. ಹೊತ್ತಿಗೆ ಮೊದಲು ಉಣ್ಣೆಂದು ತಾಯಿ ಬಾಲ್ಯದಲ್ಲೇ ಹೇಳಿದ್ದಳು.

ನಾಲಗೆಯನ್ನು ಆಳಲಾರದವನು ಕೋಪ-ಲೋಭಗಳನ್ನು ಆಳನು. ನನ್ನಂತೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಊಟ-ಉಪವಾಸ ಬದಲಿಸಬೇಕು. ಉಳಿದ ಹಿರಿಯರೆಲ್ಲ ಈ ಪರ್ವದಿಂದ ಒಂದು ತುತ್ತು ಬಿಡಲಿ. ಮಕ್ಕಳು ನೋಡಿ ಕಲಿಯುವರು.