ದುಡಿಯುವ ತೋಳು

ನಾವು ನೀರು ಹೊರುತ್ತೇವೆ. ಕಳೆ ಕೀಳುತ್ತೇವೆ. ಸೌದೆ ಸೀಳುತ್ತೇವೆ. ದುಡಿದು ದುಡಿದು ನಮ್ಮ ತೋಳು ಗಟ್ಟಿಯಾಗಿದೆ.

“ಅಯ್ಯೋ, ಇವಳದು ಗಂಡಸಿನ ತೋಳು!” ಅಂತ ಕೆಲವರು ನಗುತ್ತಾರೆ. ಹೆಣ್ಣು ನೋಡಲು ಬಂದವರೂ ಹಾಗೇ ಅಂತಾರೆ. ಆಗ ನಾವು ಸೆರಗು ಎಳೆದು ತೋಳು ಮುಚ್ಚುತ್ತೇವೆ. ತೆಳ್ಳಗಾಗಬೇಕು ಅಂತ ನಮ್ಮ ಹೆಣ್ಣುಮಕ್ಕಳು ಊಟ ಬಿಡುತ್ತಾರೆ.

ಇದು ಸರಿಯೇ?

ಕೆಲಸ ಮಾಡಿದರೆ ಮಾಂಸಖಂಡ ಬಲಿಯುತ್ತದೆ. ಗಂಡಿಗೂ ಅಷ್ಟೆ, ಹೆಣ್ಣಿಗೂ ಅಷ್ಟೆ. ಜೊತೆಗೆ ಮೂಳೆಯೂ ಗಟ್ಟಿಯಾಗುತ್ತದೆ. ವಯಸ್ಸಾದ ಮೇಲೆ ಈ ಬಲವೇ ನಮಗೆ ಆಸರೆ. ಊಟ ಬಿಟ್ಟರೆ ರಕ್ತ ಕಡಿಮೆಯಾಗುತ್ತದೆ. ತಲೆ ಸುತ್ತುತ್ತದೆ. ದುಡಿಯುವ ಮೈಗೆ ರಾಗಿ, ಕಾಳು, ಸೊಪ್ಪು ಬೇಕೇ ಬೇಕು.

ಕರ್ಣಂ ಮಲ್ಲೇಶ್ವರಿ ಪಕ್ಕದ ಆಂಧ್ರದ ಹೆಣ್ಣುಮಗಳು. 2000ದಲ್ಲಿ ಸಿಡ್ನಿಯಲ್ಲಿ ಒಲಿಂಪಿಕ್ಸ್ ಕ್ರೀಡಾಕೂಟ ನಡೆಯಿತು. ಅಲ್ಲಿ ಅವರು ಒಂದೇ ಸಲಕ್ಕೆ 130 ಕಿಲೋ ಭಾರ ಎತ್ತಿದರು. ಅಂದರೆ ಒಂದು ಕ್ವಿಂಟಾಲಿಗಿಂತ ಹೆಚ್ಚು! ಕಂಚಿನ ಪದಕ ಗೆದ್ದರು. ಒಲಿಂಪಿಕ್ಸ್ ಪದಕ ಗೆದ್ದ ಭಾರತದ ಮೊದಲ ಮಹಿಳೆ ಅವರೇ. ಗಟ್ಟಿ ತೋಳೇ ಆ ಪದಕ ತಂದಿತು.

ಇನ್ನು ತೋಳು ಮುಚ್ಚುವುದು ಬೇಡ. ಮಗಳಿಗೆ ಹೊಟ್ಟೆ ತುಂಬ ಬಡಿಸೋಣ. ನಾವೂ ಉಣ್ಣೋಣ.

ಮಾತಾಡೋಣ:
1. ನಮ್ಮ ತೋಳು ದಿನಕ್ಕೆ ಏನೇನು ಕೆಲಸ ಮಾಡುತ್ತದೆ?
2. ಮಗಳು ಊಟ ಬಿಟ್ಟರೆ ಅವಳಿಗೆ ಏನು ಹೇಳೋಣ?