ಒಂದೇ ಕೋಣೆಯ ಗಾಳಿ: ಹೋಟೆಲ್ ಬಾಗಿಲು ಮತ್ತೆ ತೆರೆದಾಗ ಕಲಿತ ಪಾಠ



‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆ ನಮಗೆಲ್ಲ ಗೊತ್ತು. ಏನು ಉಣ್ಣಬೇಕು, ಎಷ್ಟು ಉಣ್ಣಬೇಕು ಎಂಬುದನ್ನು ಅರಿತವನಿಗೆ ಕಾಯಿಲೆ ಕಡಿಮೆ ಎಂದು ಅದರ ಅರ್ಥ. 2020ರಲ್ಲಿ ಕೋವಿಡ್ ಬಂದ ಮೇಲೆ ಈ ಗಾದೆಗೆ ಇನ್ನೊಂದು ಅರ್ಥವೂ ಸೇರಿಕೊಂಡಿತು. ಎಲ್ಲಿ ಕುಳಿತು ಉಣ್ಣುತ್ತೇವೆ, ಎಷ್ಟು ಹೊತ್ತು ಕುಳಿತಿರುತ್ತೇವೆ, ಅಲ್ಲಿ ಗಾಳಿ ಆಡುತ್ತದೆಯೇ ಎಂಬುದನ್ನೂ ಬಲ್ಲವರಾಗಬೇಕಾಯಿತು. ದೊಡ್ಡ ನಗರಗಳಲ್ಲಿ ಮುಚ್ಚಿದ್ದ ಹೋಟೆಲುಗಳನ್ನು ಮತ್ತೆ ತೆರೆಯುವಾಗ ಈ ಪಾಠ ಸ್ಪಷ್ಟವಾಯಿತು. ಆಸ್ಪತ್ರೆಯಲ್ಲಿ ದಿನ ಕಳೆಯುತ್ತಿರುವ ನಿಮಗೆ ಅದು ಇಂದಿಗೂ ಉಪಯೋಗಕ್ಕೆ ಬರುತ್ತದೆ.

ನ್ಯೂಯಾರ್ಕ್ ನಗರದಲ್ಲಿ ಏನಾಯಿತು?

ಅಮೆರಿಕದ ನ್ಯೂಯಾರ್ಕ್ ನಗರ ಹೋಟೆಲುಗಳಿಗೆ ಹೆಸರಾದದ್ದು. 2020ರ ಮಾರ್ಚ್ 16ರ ಸಂಜೆ ಅಲ್ಲಿ ಹೋಟೆಲ್ ಒಳಗೆ ಕುಳಿತು ಉಣ್ಣುವುದನ್ನು ನಿಲ್ಲಿಸಲಾಯಿತು. ಪಾರ್ಸೆಲ್ ಮಾತ್ರ ಉಳಿಯಿತು. ಏಪ್ರಿಲ್ ತಿಂಗಳಲ್ಲಿ ಆ ಒಂದೇ ನಗರದಲ್ಲಿ ದಿನಕ್ಕೆ 500ಕ್ಕೂ ಹೆಚ್ಚು ಜನ ಕೋವಿಡ್‌ನಿಂದ ತೀರಿಕೊಂಡ ದಿನಗಳಿದ್ದವು.

ಸೋಂಕು ಇಳಿದ ಮೇಲೆ, ಜೂನ್ 22ರಿಂದ ಹೊರಗಡೆ, ಅಂದರೆ ಪಾದಚಾರಿ ದಾರಿಯಲ್ಲಿ ಮತ್ತು ರಸ್ತೆಯ ಅಂಚಿನಲ್ಲಿ, ಟೇಬಲ್ ಹಾಕಿ ಬಡಿಸಲು ಅನುಮತಿ ಸಿಕ್ಕಿತು. ಜುಲೈ ಮೊದಲ ವಾರದಲ್ಲಿ ಒಳಗಡೆಯೂ ತೆರೆಯಬೇಕಿತ್ತು. ಆದರೆ ಬೇರೆ ರಾಜ್ಯಗಳಲ್ಲಿ ಸೋಂಕು ಏರುತ್ತಿದ್ದುದನ್ನು ಕಂಡು ಅದನ್ನು ಮುಂದೂಡಿದರು. ಕೊನೆಗೆ ಸೆಪ್ಟೆಂಬರ್ 30ರಂದು ಒಳಗೆ ಕೂರಲು ಬಿಟ್ಟರು. ಆಗಲೂ ಶೇಕಡಾ 25ರಷ್ಟು ಜನರಿಗೆ ಮಾತ್ರ ಪ್ರವೇಶ. 100 ಜನ ಹಿಡಿಯುವ ಹೋಟೆಲಿನಲ್ಲಿ 25 ಜನ! ಬಾಗಿಲಲ್ಲಿ ಜ್ವರ ನೋಡಬೇಕು, ಪ್ರತಿ ಗುಂಪಿನ ಒಬ್ಬರ ಫೋನ್ ನಂಬರ್ ಬರೆದುಕೊಳ್ಳಬೇಕು, ಟೇಬಲ್‌ಗಳ ನಡುವೆ 6 ಅಡಿ ಅಂತರ ಇರಬೇಕು, ಕುಳಿತಾಗ ಬಿಟ್ಟು ಉಳಿದಂತೆ ಮಾಸ್ಕ್ ಹಾಕಿರಬೇಕು ಎಂಬ ನಿಯಮಗಳೂ ಇದ್ದವು.

ಚಳಿಗಾಲ ಬರುತ್ತಿದ್ದಂತೆ ಸೋಂಕು ಮತ್ತೆ ಏರಿತು. ಡಿಸೆಂಬರ್ 14ರಂದು ಒಳಗಿನ ಊಟ ಮತ್ತೆ ನಿಂತಿತು. 2021ರ ಫೆಬ್ರವರಿ 12ರಂದು ಪುನಃ ಶೇಕಡಾ 25, ಮಾರ್ಚ್ 19ರಂದು ಶೇಕಡಾ 50, ಮೇ 7ರಂದು ಶೇಕಡಾ 75, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತೆರೆದರು. ಅದೇ ವರ್ಷದ ಆಗಸ್ಟ್‌ನಿಂದ ಲಸಿಕೆ ಹಾಕಿಸಿಕೊಂಡ ದಾಖಲೆ ತೋರಿಸಿದವರಿಗಷ್ಟೇ ಒಳಗೆ ಪ್ರವೇಶ ಎಂಬ ನಿಯಮ ಬಂತು. ಅದನ್ನು 2022ರ ಮಾರ್ಚ್ 7ರಂದು ತೆಗೆದುಹಾಕಿದರು.

ಅಂಗಡಿ ತೆರೆದರು, ಹೋಟೆಲಿಗೆ ಏಕಿಷ್ಟು ಕಟ್ಟುಪಾಡು?

ಮೂರು ಕಾರಣಗಳಿವೆ. ಮೊದಲನೆಯದು, ಮಾಸ್ಕ್ ಹಾಕಿಕೊಂಡು ಉಣ್ಣಲಾಗದು. ಎರಡನೆಯದು, ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ, ಊಟಕ್ಕೆ ಕುಳಿತರೆ ಒಂದು ಗಂಟೆಯಾದರೂ ಆಗುತ್ತದೆ. ಮೂರನೆಯದು, ಊಟದ ಜೊತೆಗೆ ಮಾತು, ನಗು ಇದ್ದೇ ಇರುತ್ತವೆ. ಗದ್ದಲ ಇದ್ದರೆ ದನಿ ಏರಿಸುತ್ತೇವೆ. ದನಿ ಏರಿದಷ್ಟೂ ಬಾಯಿಂದ ಕಣ್ಣಿಗೆ ಕಾಣದ ತುಂತುರು ಹೆಚ್ಚು ಬರುತ್ತದೆ.

ಈ ತುಂತುರಿನಲ್ಲಿ ದಪ್ಪ ಹನಿಗಳು ಬೇಗ ನೆಲಕ್ಕೆ ಬೀಳುತ್ತವೆ. ಬಹಳ ಸಣ್ಣ ಕಣಗಳು ಮಾತ್ರ ಹೊಗೆಯಂತೆ ಗಾಳಿಯಲ್ಲೇ ತೇಲುತ್ತವೆ. ಬಾಗಿಲು ಕಿಟಕಿ ಹಾಕಿದ ಕೋಣೆಯಲ್ಲಿ ಒಂದು ಊದುಬತ್ತಿ ಹಚ್ಚಿ ನೋಡಿ. ಸ್ವಲ್ಪ ಹೊತ್ತಿಗೆ ಹೊಗೆ ಮೂಲೆ ಮೂಲೆಗೂ ಹರಡುತ್ತದೆ. ಫ್ಯಾನ್ ಹಾಕಿದರೆ ಇನ್ನೂ ಬೇಗ ಹರಡುತ್ತದೆಯೇ ಹೊರತು ಹೊರಗೆ ಹೋಗುವುದಿಲ್ಲ. ಕಿಟಕಿ ತೆರೆದರೆ ಕರಗಿಹೋಗುತ್ತದೆ. ಕಾಯಿಲೆ ಇದ್ದವರ ಉಸಿರೂ ಹೀಗೆಯೇ.

ಮೂರು ಟೇಬಲ್‌ಗಳ ಪ್ರಸಂಗ

ಇದು ಊಹೆಯ ಮಾತಲ್ಲ. 2020ರ ಜನವರಿ 24ರಂದು ಚೀನಾದ ಗ್ವಾಂಗ್‌ಝೌ ನಗರದ ಒಂದು ಹೋಟೆಲಿನ ಮೂರನೇ ಅಂತಸ್ತಿನಲ್ಲಿ ಒಂದು ಕುಟುಂಬ ಮಧ್ಯಾಹ್ನದ ಊಟಕ್ಕೆ ಕುಳಿತಿತ್ತು. ಅವರು ಹಿಂದಿನ ದಿನವಷ್ಟೇ ವುಹಾನ್‌ನಿಂದ ಬಂದವರು. ಅವರಲ್ಲಿ ಒಬ್ಬರಿಗೆ ಅದೇ ದಿನ ಜ್ವರ ಶುರುವಾಯಿತು. ಮುಂದೆ ಆ ಕುಟುಂಬ ಮತ್ತು ಅಕ್ಕಪಕ್ಕದ ಎರಡು ಟೇಬಲ್‌ಗಳ ಕುಟುಂಬಗಳು ಸೇರಿ ಒಟ್ಟು 10 ಜನರಿಗೆ ಸೋಂಕು ಕಂಡಿತು. ಅವರಲ್ಲಿ ಕೆಲವರಿಗೆ ಮನೆಗೆ ಹೋದ ಮೇಲೆ ತಮ್ಮವರಿಂದಲೇ ತಗುಲಿರಬಹುದು. ಟೇಬಲ್‌ಗಳ ನಡುವೆ ಸುಮಾರು 1 ಮೀಟರ್ ಅಂತರವಿತ್ತು. ಆ ಅಂತಸ್ತಿನಲ್ಲಿದ್ದ ಉಳಿದ 73 ಗಿರಾಕಿಗಳಿಗೂ 8 ಜನ ಸಪ್ಲೈಯರ್‌ಗಳಿಗೂ ಕಾಯಿಲೆ ಬರಲಿಲ್ಲ.

ಕಾರಣ ಹುಡುಕಿದಾಗ ಕಂಡದ್ದು ಇಷ್ಟು. ಅಲ್ಲಿ ಕಿಟಕಿಗಳಿರಲಿಲ್ಲ. ಒಂದು ಎಸಿ ಯಂತ್ರದ ಗಾಳಿ ಆ ಮೂರು ಟೇಬಲ್‌ಗಳ ಮೇಲೆಯೇ ಸುತ್ತಿ ಸುತ್ತಿ ಬರುತ್ತಿತ್ತು. ಆ ಕುಟುಂಬಗಳು ಒಂದೇ ಗಾಳಿಯಲ್ಲಿ 53 ನಿಮಿಷ, 73 ನಿಮಿಷ ಜೊತೆಗೆ ಇದ್ದವು. ಹೊರಗಿನಿಂದ ಬರುತ್ತಿದ್ದ ಹೊಸ ಗಾಳಿ ಒಬ್ಬೊಬ್ಬರಿಗೆ ಸೆಕೆಂಡಿಗೆ ಸುಮಾರು 1 ಲೀಟರ್ ಮಾತ್ರ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಂಥ ಜಾಗಗಳಿಗೆ ಹೇಳಿದ ಪ್ರಮಾಣ ಒಬ್ಬರಿಗೆ ಸೆಕೆಂಡಿಗೆ 10 ಲೀಟರ್.

ದಕ್ಷಿಣ ಕೊರಿಯಾದ ಜಿಯೊಂಜು ನಗರದಲ್ಲಿ 2020ರ ಜೂನ್‌ನಲ್ಲಿ ಇನ್ನೂ ಆಶ್ಚರ್ಯದ ಪ್ರಸಂಗ ನಡೆಯಿತು. ಸೋಂಕು ಇದ್ದವರಿಂದ 6.5 ಮೀಟರ್ ದೂರ ಕುಳಿತಿದ್ದ ಒಬ್ಬ ವಿದ್ಯಾರ್ಥಿನಿಗೆ ಕೇವಲ 5 ನಿಮಿಷದಲ್ಲಿ ಸೋಂಕು ತಗುಲಿತು. ಎಸಿ ಗಾಳಿ ನೇರವಾಗಿ ಆಕೆಯ ಕಡೆಗೆ ಬೀಸುತ್ತಿತ್ತು. 6 ಅಡಿ ಅಂತರ ಒಳ್ಳೆಯದೇ, ಆದರೆ ಗಾಳಿ ಕಟ್ಟಿದ ಕೋಣೆಯಲ್ಲಿ ಅಂತರ ಒಂದೇ ಕಾಪಾಡುವುದಿಲ್ಲ ಎಂಬುದು ಇದರಿಂದ ತಿಳಿಯಿತು.

ಹೋಟೆಲಿನವರ ಕಷ್ಟವೂ ನಿಜ

ಹೋಟೆಲ್ ಮುಚ್ಚಿದರೆ ಮಾಲೀಕರಿಗಷ್ಟೇ ನಷ್ಟವಲ್ಲ. ಅಡಿಗೆಯವರು, ಸಪ್ಲೈಯರ್‌ಗಳು, ಪಾತ್ರೆ ತೊಳೆಯುವವರು, ತರಕಾರಿ ಹಾಲು ತರುವವರು ಎಲ್ಲರ ಮನೆಯ ಒಲೆಯೂ ಆರುತ್ತದೆ. 2020ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯ ಒಂದು ಲೆಕ್ಕ ಪ್ರಕಟಿಸಿತು. ಮೂಲ ಪತ್ತೆಯಾದ ಸೋಂಕುಗಳಲ್ಲಿ ಶೇಕಡಾ 74 ಮನೆಗಳಲ್ಲಿ ಜನ ಸೇರಿದ್ದರಿಂದ ಬಂದವು, ಹೋಟೆಲ್ ಮತ್ತು ಬಾರ್‌ಗಳಿಂದ ಬಂದದ್ದು ಶೇಕಡಾ 1.43 ಎಂದು ಅದು ಹೇಳಿತು. ‘ಹಾಗಿದ್ದರೆ ನಮ್ಮನ್ನೇಕೆ ಮುಚ್ಚುತ್ತೀರಿ?’ ಎಂದು ಹೋಟೆಲಿನವರು ಕೇಳಿದರು. ಕೇಳಿದ್ದರಲ್ಲಿ ತಪ್ಪಿಲ್ಲ.

ಆದರೆ ಈ ಲೆಕ್ಕವನ್ನು ಜಾಗ್ರತೆಯಿಂದ ಓದಬೇಕು. ಮನೆಯಲ್ಲಿ ಯಾರಿಂದ ಯಾರಿಗೆ ಬಂತು ಎಂದು ಹೇಳುವುದು ಸುಲಭ. ಹೋಟೆಲಿನಲ್ಲಿ ಪಕ್ಕದ ಟೇಬಲ್‌ನಲ್ಲಿ ಕುಳಿತಿದ್ದ ಅಪರಿಚಿತರ ಹೆಸರು ಯಾರಿಗೆ ಗೊತ್ತು? ಅಲ್ಲದೆ, ಹೊರಗೆ ಒಬ್ಬರಿಗೆ ತಗುಲಿದ್ದು ಮನೆಗೆ ಬಂದು ನಾಲ್ವರಿಗೆ ಹರಡಿದರೆ ಆ ನಾಲ್ಕೂ ಮನೆಯ ಲೆಕ್ಕಕ್ಕೇ ಸೇರುತ್ತವೆ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2020ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸೋಂಕು ಬಂದವರು ಅದಕ್ಕೆ ಮುಂಚಿನ 14 ದಿನಗಳಲ್ಲಿ ಹೋಟೆಲಿನಲ್ಲಿ ಉಂಡಿದ್ದ ಸಾಧ್ಯತೆ ಸೋಂಕು ಬಾರದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚಿತ್ತು. ಆ ಅಧ್ಯಯನ ಒಳಗೆ ಉಂಡವರನ್ನೂ ಹೊರಗೆ ಉಂಡವರನ್ನೂ ಬೇರೆ ಮಾಡಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ನೊಂದವರು ಅಡಿಗೆ ಮನೆಯವರು. ಗಿರಾಕಿ ಒಂದು ಗಂಟೆ ಇದ್ದು ಹೋಗುತ್ತಾನೆ, ಅಡಿಗೆಯವರು ಇಕ್ಕಟ್ಟಾದ ಜಾಗದಲ್ಲಿ ದಿನವಿಡೀ ನಿಂತಿರುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ 2020ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗಿನ ಸಾವುಗಳನ್ನು ಕಸುಬಿನ ಪ್ರಕಾರ ಲೆಕ್ಕ ಹಾಕಿದಾಗ, ಅಡಿಗೆಯವರಲ್ಲಿ ಸಾವು ಎಂದಿಗಿಂತ ಸುಮಾರು ಶೇಕಡಾ 60ರಷ್ಟು ಹೆಚ್ಚಿತ್ತು. ನ್ಯೂಯಾರ್ಕ್‌ನಲ್ಲಿ 2021ರ ಫೆಬ್ರವರಿಯಲ್ಲಿ ಎರಡನೇ ಬಾರಿ ಹೋಟೆಲ್ ತೆರೆಯುವ ಮುನ್ನ ಹೋಟೆಲ್ ಕೆಲಸಗಾರರಿಗೂ ಲಸಿಕೆ ಹಾಕಿಸಿಕೊಳ್ಳಲು ಅವಕಾಶ ಕೊಟ್ಟರು. ನಮಗೆ ಬಿಸಿ ಊಟ ಬಡಿಸುವ ಕೈಗಳನ್ನು ಕಾಯುವುದೂ ರೋಗ ತಡೆಯುವ ಕೆಲಸವೇ.

ನಮ್ಮ ರಾಜ್ಯದಲ್ಲಿ

ಕರ್ನಾಟಕದಲ್ಲಿ 2020ರ ಜೂನ್ 8ರಂದು ಕಂಟೈನ್‌ಮೆಂಟ್ ವಲಯಗಳನ್ನು ಬಿಟ್ಟು ಉಳಿದೆಡೆ ಹೋಟೆಲ್ ಒಳಗೆ ಕುಳಿತು ಉಣ್ಣಲು ಅನುಮತಿ ಬಂತು. ಅರ್ಧದಷ್ಟು ಕುರ್ಚಿಗಳಲ್ಲಿ ಮಾತ್ರ ಜನ ಕೂರಬೇಕೆಂಬುದು ಕೇಂದ್ರದ ಸೂಚನೆ. 2021ರ ಎರಡನೇ ಅಲೆ ಇಳಿದಾಗ, ಜೂನ್ 21ರಿಂದ ಬೆಂಗಳೂರು ಸೇರಿ ಸೋಂಕು ಕಡಿಮೆಯಾಗಿದ್ದ ಜಿಲ್ಲೆಗಳಲ್ಲಿ ಮತ್ತೆ ತೆರೆದಾಗ ಎಸಿ ಹಾಕಬಾರದು ಎಂಬ ಷರತ್ತಿತ್ತು. ಮೊದಲ ವರ್ಷ ಟೇಬಲ್ ಒರೆಸುವುದರ ಮೇಲಿದ್ದ ಗಮನ ಎರಡನೇ ವರ್ಷ ಗಾಳಿಯ ಕಡೆಗೂ ಹರಿದಿತ್ತು.

ಇದರಿಂದ ನಿಮಗೇನು ಪ್ರಯೋಜನ?

ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಕೋವಿಡ್‌ನ ಜಾಗತಿಕ ತುರ್ತು ಪರಿಸ್ಥಿತಿ ಮುಗಿಯಿತೆಂದು ಸಾರಿತು. ಆದರೆ ಆ ವೈರಾಣು ಹೋಗಿಲ್ಲ. ಫ್ಲೂ ಇದೆ, ಕ್ಷಯ ಇದೆ. ಇವೂ ಉಸಿರಿನ ಮೂಲಕವೇ ಹರಡುವ ಕಾಯಿಲೆಗಳು. ಗಟ್ಟಿಮುಟ್ಟಾದವರಿಗೆ ನಾಲ್ಕು ದಿನದ ನೆಗಡಿಯಾಗಿ ಹೋಗುವುದು, ಮಂಚದ ಮೇಲಿರುವ ನಿಮ್ಮ ರೋಗಿಗೆ ನ್ಯುಮೋನಿಯಾ ಆಗಬಹುದು. ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಕ್ಯಾನ್ಸರ್ ಔಷಧ ಪಡೆಯುವವರು, ಸಕ್ಕರೆ ಕಾಯಿಲೆ, ದಮ್ಮು ಇರುವವರು, ವಯಸ್ಸಾದವರು, ಎಳೆಗೂಸುಗಳು ಇವರ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು.

ಆರೈಕೆಗೆ ಬಂದವರು ಹೊರಗೆ ಉಂಡು ಬರಲೇಬೇಕಾಗುತ್ತದೆ. ಉಣ್ಣಬೇಡಿ ಎಂದು ನಾವು ಹೇಳುತ್ತಿಲ್ಲ. ಹಸಿದವರು ಆರೈಕೆ ಮಾಡಲಾರರು. ಹೀಗೆ ಮಾಡಿ:

1. ಬಾಗಿಲು ಕಿಟಕಿ ತೆರೆದಿರುವ, ಗಾಳಿ ಆಡುವ ಹೋಟೆಲ್ ಆರಿಸಿ. ಒಳಗಿನ ಎಸಿ ಕೋಣೆಗಿಂತ ಹೊರಗಿನ ಕಟ್ಟೆಯೇ ಮೇಲು.

2. ಗದ್ದಲದ ಹೊತ್ತು ತಪ್ಪಿಸಿ. ಅರ್ಧ ಗಂಟೆ ಮುಂಚೆ ಅಥವಾ ತಡವಾಗಿ ಹೋಗಿ. ಜನ ತುಂಬಿದ್ದರೆ ಪಾರ್ಸೆಲ್ ಕಟ್ಟಿಸಿಕೊಂಡು ಬಯಲಲ್ಲಿ ಕುಳಿತು ಉಣ್ಣಿ.

3. ಊಟ ಮುಗಿದ ಕೂಡಲೇ ಎದ್ದು ಬನ್ನಿ. ಮಾತು ಇದ್ದರೆ ಹೊರಗೆ ಮರದ ನೆರಳಲ್ಲಿ ಆಡಿ.

4. ರೋಗಿಯ ಮಂಚದ ಸುತ್ತ ನಾಲ್ಕೈದು ಜನ ಕುಳಿತು ಬುತ್ತಿ ಬಿಚ್ಚಬೇಡಿ. ಪಕ್ಕದ ಮಂಚದವರಿಗೂ ಅದೇ ಗಾಳಿ ಎಂಬುದು ನೆನಪಿರಲಿ.

5. ನಿಮಗೆ ಕೆಮ್ಮು, ನೆಗಡಿ, ಜ್ವರ ಇದ್ದರೆ ಆರೈಕೆಗೆ ಮನೆಯ ಬೇರೊಬ್ಬರನ್ನು ಕಳಿಸಿ. ಬೇರೆ ದಾರಿ ಇಲ್ಲದಿದ್ದರೆ ಸಿಸ್ಟರ್‌ಗೆ ತಿಳಿಸಿ, ಮೂಗು ಬಾಯಿ ಎರಡೂ ಮುಚ್ಚುವಂತೆ ಮಾಸ್ಕ್ ಹಾಕಿಕೊಳ್ಳಿ.

6. ಥಂಡಿ ಗಾಳಿ ತಾಗುತ್ತದೆಂದು ಸಾಮಾನ್ಯ ವಾರ್ಡಿನ ಕಿಟಕಿಗಳನ್ನೆಲ್ಲ ಮುಚ್ಚಬೇಡಿ. ರೋಗಿಗೆ ಹೊದಿಕೆ ಹೊದಿಸಿ, ಕಿಟಕಿ ಸ್ವಲ್ಪವಾದರೂ ತೆರೆದಿರಲಿ. ಐಸಿಯು ಮತ್ತು ಎಸಿ ಕೋಣೆಗಳಲ್ಲಿ ಸಿಬ್ಬಂದಿ ಹೇಳಿದಂತೆ ನಡೆಯಿರಿ.

7. ಊಟಕ್ಕೆ ಮುಂಚೆ, ರೋಗಿಯನ್ನು ಮುಟ್ಟುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ. ವಾಂತಿಭೇದಿ, ಟೈಫಾಯ್ಡ್ ತಡೆಯಲು ಇದು ಬೇಕೇ ಬೇಕು. ಆದರೆ ಕೈ ತೊಳೆದ ಮಾತ್ರಕ್ಕೆ ಗಾಳಿ ಶುದ್ಧವಾಗದು. ಎರಡೂ ಇರಲಿ.

8. ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆ, ಔಷಧ ಎರಡೂ ಉಚಿತ.

9. ವೈದ್ಯರು ಹೇಳಿದ ಲಸಿಕೆಗಳನ್ನು ರೋಗಿಯೂ ಮನೆಯವರೂ ಹಾಕಿಸಿಕೊಳ್ಳಿ.

ಯಾವ ಹೋಟೆಲನ್ನೂ, ಯಾವ ಮನುಷ್ಯನನ್ನೂ ದೂರುವುದಕ್ಕಾಗಿ ಇದನ್ನು ಬರೆದಿಲ್ಲ. ಅನ್ನ ನೀರು ಶುಚಿಯಾಗಿದೆಯೇ ಎಂದು ನೋಡುವುದನ್ನು ನಮ್ಮ ಹಿರಿಯರು ಕಲಿಸಿದ್ದಾರೆ. ಗಾಳಿ ಶುಚಿಯಾಗಿದೆಯೇ ಎಂದು ನೋಡುವುದನ್ನು ಈ ಮಹಾಮಾರಿ ಬಹಳ ಜೀವಗಳ ಬೆಲೆಗೆ ಕಲಿಸಿತು. ನೀವು ಇಂದು ವಾರ್ಡಿಗೆ ಹಿಂದಿರುಗಿದಾಗ ಮೊದಲು ಕಿಟಕಿಯ ಕಡೆ ನೋಡಿ. ಮುಚ್ಚಿದ್ದರೆ ಸಿಸ್ಟರ್‌ನ್ನು ಕೇಳಿ ತೆರೆಯಿರಿ.